ತಗ್ಗುನೆಲದ ಟ್ರಾಮು

ಕಲಬುರಗಿ ಜಿಲ್ಲೆಯ ತೆಂಗಳಿಯಂತಹ ಊರಿನಲ್ಲಿ ಬಸ್ಸು ಬಂದು ನಿಂತಾಗ ನಡೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ತರುಣರು ಹಾರಿ ಹತ್ತಿಬಿಡುತ್ತಾರೆ. ಮುದುಕಿಯೊಬ್ಬಳು ಕೈಚೀಲವನ್ನು ಮೊದಲು ಒಳಗಿಟ್ಟು, ಕಂಬಿಯನ್ನು ಹಿಡಿದು, ಒಂದು ಕಾಲನ್ನು ಮೆಟ್ಟಿಲಿನ ಮೇಲಿಟ್ಟು, ಯಾರಾದರೂ ಕೈಗೊಡಲೆಂದು ಕಾಯುತ್ತಾಳೆ. ಗಾಲಿಕುರ್ಚಿಯಲ್ಲಿ ಬಂದವನನ್ನಂತೂ ಮೂಟೆಯಂತೆ ಎತ್ತಿಯೇ ಒಳಗೆ ಸೇರಿಸಬೇಕು. ನೆಲಕ್ಕೂ ವಾಹನಕ್ಕೂ ನಡುವಿನ ಮೂರು ಅಡಿಯ ಈ ಅಂತರವು ಎಷ್ಟೋ ಜನರನ್ನು ಮನೆಯಲ್ಲಿಯೇ ಕೂರಿಸಿದೆ. ಇದನ್ನು ಅಳಿಸಲು ಹೊರಟ ವಾಹನವೇ ತಗ್ಗುನೆಲದ ಟ್ರಾಮು.

ನಗರದ ಬೀದಿಯಲ್ಲಿ ಹುದುಗಿಸಿದ ಹಳಿಗಳ ಮೇಲೆ ಓಡುವ ಬಂಡಿಗೆ ಟ್ರಾಮು ಎಂದು ಹೆಸರು. ನಮ್ಮ ಭಾಗದಿಂದ ಮುಂಬಯಿಗೆ ದುಡಿಯಲು ಹೋದ ಹಿಂದಿನ ತಲೆಮಾರಿನವರಿಗೆ ಅದು ಹೊಸದೇನೂ ಆಗಿರಲಿಲ್ಲ. ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗವು ತೆರೆದ 1874ರಲ್ಲಿಯೇ ಮುಂಬಯಿಯಲ್ಲಿ ಕುದುರೆಗಳು ಎಳೆಯುವ ಟ್ರಾಮು ಮೊದಲಾಯಿತು. 1907ರಲ್ಲಿ ಕುದುರೆಯ ಸ್ಥಾನಕ್ಕೆ ವಿದ್ಯುಚ್ಛಕ್ತಿ ಬಂದಿತು. 1964ರ ಮಾರ್ಚ್ 31ರಂದು ಅಲ್ಲಿನ ಕಡೆಯ ಟ್ರಾಮು ಬೋರಿಬಂದರಿನಿಂದ ದಾದರಿಗೆ ಓಡಿತು. ಮದರಾಸಿನ ಟ್ರಾಮು ಅದಕ್ಕೂ ಮೊದಲೇ, 1953ರಲ್ಲಿ ನಿಂತಿತ್ತು. ಕಲ್ಕತ್ತೆಯೊಂದೇ ಉಳಿಸಿಕೊಂಡಿತು, ಅಲ್ಲಿಯೂ ಮೈದಾನದ ಒಂದು ಮಾರ್ಗವನ್ನು ಬಿಟ್ಟು ಉಳಿದವನ್ನು ಕೈಬಿಡುವುದಾಗಿ ಸರಕಾರವು 2024ರಲ್ಲಿ ತಿಳಿಸಿತು.

ಆ ಹಳೆಯ ಟ್ರಾಮುಗಳಿಗೆಲ್ಲ ಮೆಟ್ಟಿಲುಗಳಿದ್ದವು. ಅದೇಕೆಂದು ತಿಳಿಯಲು ನಮ್ಮ ಎತ್ತಿನ ಬಂಡಿಯನ್ನು ನೋಡಿದರೆ ಸಾಕು. ಎರಡು ಗಾಲಿಗಳನ್ನು ಕೂಡಿಸುವ ಅಚ್ಚು ಅಡ್ಡಲಾಗಿರುತ್ತದೆ. ಬಂಡಿಯ ಹಾಸು ಅದರ ಮೇಲೆಯೇ ಕೂರಬೇಕು. ಟ್ರಾಮಿನಲ್ಲಿ ಅಚ್ಚಿನ ಜೊತೆಗೆ ಮೋಟಾರು, ಹಲ್ಲುಗಾಲಿ, ಇತರ ಯಂತ್ರಭಾಗಗಳೂ ನೆಲದ ಕೆಳಗಿರುತ್ತಿದ್ದವು. ಆದ್ದರಿಂದ ಅದರ ನೆಲವು ಹಳಿಗಿಂತ 80-90 ಸೆಂಟಿಮೀಟರು ಮೇಲಿರುತ್ತಿತ್ತು.

ಇದನ್ನು ತಗ್ಗಿಸಲು ಯಂತ್ರಶಿಲ್ಪಿಗಳು ಮೊದಲು ಮಾಡಿದ್ದು ಸುಲಭದ ಉಪಾಯ. ವಿದ್ಯುತ್ ಉಪಕರಣಗಳನ್ನೆಲ್ಲ ಮಾಳಿಗೆಯ ಮೇಲಕ್ಕೆ ಸಾಗಿಸಿದರು. ಮೋಟಾರುಳ್ಳ ಗಾಲಿಗಳನ್ನು ಎರಡು ತುದಿಗಳಿಗೆ ಸರಿಸಿ, ನಡುವಿನ ನೆಲವನ್ನು ಮಾತ್ರ ಇಳಿಸಿದರು. 1984ರಲ್ಲಿ ಜಿನೀವಾ ನಗರಕ್ಕೆ ಬಂದ ಟ್ರಾಮುಗಳು ಈ ಬಗೆಯವು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರವು ಹೊಸದಾಗಿ ಟ್ರಾಮು ಹಾಕಿದಾಗ ಅಂಗವಿಕಲರ ಸಂಘಗಳು ತಮ್ಮ ಬೇಡಿಕೆಯನ್ನು ಬಿಡದೆ ಮುಂದಿಟ್ಟವು. ಗಾಲಿಕುರ್ಚಿಯು ತಾನಾಗಿಯೇ ಒಳಗೆ ಉರುಳಿಬರುವಂತೆ ಅಲ್ಲಿ ಬಾಗಿಲಿನ ನೆಲವನ್ನು 35 ಸೆಂಟಿಮೀಟರಿನಷ್ಟಕ್ಕೆ ತಂದರು. ಕೇಳದೆ ಇದ್ದಿದ್ದರೆ ಯಾರೂ ಕೊಡುತ್ತಿರಲಿಲ್ಲವೆಂದೇ ನನಗೆ ತೋರುತ್ತದೆ.

ನೆಲವನ್ನು ತುದಿಯಿಂದ ತುದಿಗೆ ತಗ್ಗಿಸುವುದು ಇನ್ನೂ ಕಠಿಣ. ಅದಕ್ಕೆ ಅಚ್ಚನ್ನೇ ತೆಗೆದುಹಾಕಿ, ಪ್ರತಿಯೊಂದು ಗಾಲಿಯೂ ಪ್ರತ್ಯೇಕವಾಗಿ ತಿರುಗುವಂತೆ ಮಾಡುವುದು ಒಂದು ದಾರಿ. ವಿಯೆನ್ನಾ ನಗರದ ಟ್ರಾಮಿನಲ್ಲಿ ಮೋಟಾರುಗಳನ್ನು ಪೆಟ್ಟಿಗೆಗಳ ಸಂದಿಯ ಗೋಡೆಯಲ್ಲಿ ನೆಟ್ಟಗೆ ನಿಲ್ಲಿಸಿದ್ದಾರೆ. ಬಾಗಿಲಿನ ಎತ್ತರ ಅಲ್ಲಿ ಸುಮಾರು 20 ಸೆಂಟಿಮೀಟರು ಮಾತ್ರ. ಆದರೆ ಈ ಅನುಕೂಲಕ್ಕೆ ಬೆಲೆ ತೆರಬೇಕು. ಅಚ್ಚು ಕೂಡಿಸಿದ ಜೋಡಿಗಾಲಿಗಳು ಹಳಿಯ ನಡುವೆ ತಾವೇ ದಾರಿ ಹಿಡಿಯುತ್ತವೆ. ಬಿಡಿಗಾಲಿಗಳಿಗೆ ಆ ಗುಣವಿಲ್ಲ. ತಿರುವಿನಲ್ಲಿ ಅವು ಹಳಿಯ ಅಂಚಿಗೆ ಉಜ್ಜಿ, ತಾವೂ ಸವೆದು ಹಳಿಯನ್ನೂ ಸವೆಸುತ್ತವೆ.

ನೆಲವನ್ನು ತಗ್ಗಿಸಿದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಇತ್ತಕಡೆ ನಿಲ್ದಾಣವೂ ಏಳಬೇಕು. ನಮ್ಮ ಮನೆಗಳ ಮುಂದಿನ ಶಹಾಬಾದಿ ಕಲ್ಲಿನ ಕಟ್ಟೆಯಷ್ಟು ಎತ್ತರವಿದ್ದರೆ ಸಾಕು. ಆದರೆ ಅದು ಪ್ರತಿ ನಿಲ್ದಾಣದಲ್ಲಿಯೂ ಇರಬೇಕು. ಅನೇಕ ಕನ್ನಡ ಕುಟುಂಬಗಳು ನೆಲೆಸಿರುವ ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ಸುಮಾರು 250 ಕಿಲೋಮೀಟರು ಉದ್ದದ, ಪ್ರಪಂಚದಲ್ಲಿಯೇ ದೊಡ್ಡದಾದ ಟ್ರಾಮು ಜಾಲವಿದೆ. 2001ರಿಂದ ಅಲ್ಲಿ ತಗ್ಗುನೆಲದ ಟ್ರಾಮುಗಳು ಓಡುತ್ತಿವೆ. ಆದರೆ ಹಲವು ನಿಲ್ದಾಣಗಳೆಂದರೆ ಬೀದಿಯ ಬದಿಯ ಒಂದು ಕಂಬ ಮಾತ್ರ. ಪ್ರಯಾಣಿಕರು ರಸ್ತೆಗಿಳಿದು ಹತ್ತಬೇಕು. 2018-19ರಲ್ಲಿ ತಗ್ಗುನೆಲದ ಟ್ರಾಮು ಸಮತಟ್ಟಾದ ನಿಲ್ದಾಣದಲ್ಲಿ ನಿಂತ ಸಂದರ್ಭಗಳು ನೂರಕ್ಕೆ 15 ಮಾತ್ರವೆಂದು ಆ ರಾಜ್ಯದ ಲೆಕ್ಕಪರಿಶೋಧಕರು 2020ರಲ್ಲಿ ವರದಿ ಮಾಡಿದರು. ಉಳಿದೆಡೆಗಳಲ್ಲಿ ಬಂಡಿ ತಗ್ಗಿತ್ತು, ಕಟ್ಟೆ ಇರಲಿಲ್ಲ. ಅಥವಾ ಕಟ್ಟೆಯಿತ್ತು, ಬಂದು ನಿಂತದ್ದು ಮೆಟ್ಟಿಲಿನ ಹಳೆಯ ಬಂಡಿ. ಇಲ್ಲವೇ ಎರಡೂ ಇರಲಿಲ್ಲ.