ಆಕ್ಸ್ಲರ್ ಪುಸ್ತಕ ಓದೋಕೆ ಒಂದು ಆನ್‌ಲೈನ್ ಗುಂಪು

ಡಿಗ್ರಿ ಮುಗಿದ್ರೂ ಗಣಿತದ ಹುಚ್ಚು ಬಿಟ್ಟಿಲ್ವಾ? ನಾಲ್ಕೈದು ಜನ ಸೇರ್ಕೊಳ್ಳಿ. ಐವತ್ತು ಜನರ ವಾಟ್ಸಾಪ್ ಗ್ರೂಪ್ ಬೇಡ, ಅಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಬೇರೇನೂ ಬರಲ್ಲ.

ಪುಸ್ತಕ ಒಂದೇ ಇರಲಿ. ಶೆಲ್ಡನ್ ಆಕ್ಸ್ಲರ್ ಅವರ ‘ಲೀನಿಯರ್ ಆಲ್ಜೀಬ್ರಾ ಡನ್ ರೈಟ್’ ನಾಲ್ಕನೇ ಆವೃತ್ತಿಯ ಪಿಡಿಎಫ್ ಉಚಿತವಾಗಿಯೇ ಸಿಗುತ್ತೆ. ಪಿಯುಸಿಯಲ್ಲಿ ಉರು ಹೊಡೆದ ಡಿಟರ್ಮಿನೆಂಟ್ ಇದರಲ್ಲಿ ಬರೋದು ಕೊನೇ ಅಧ್ಯಾಯಕ್ಕೆ! ಐಗನ್‌ವ್ಯಾಲ್ಯೂ ಅದಕ್ಕೂ ಎಷ್ಟೋ ಮೊದಲೇ ಮುಗಿದಿರುತ್ತೆ.

ಓದೋದು ಅವರವರ ಮನೇಲಿ. ವಾರದ ಮೀಟಲ್ಲಿ ಬರೀ ಲೆಕ್ಕ. ಒಬ್ಬರು ಸ್ಕ್ರೀನ್ ಶೇರ್ ಮಾಡಿ ಪ್ರೂಫ್ ಬರೀತಾ ಹೋಗ್ಲಿ, ಉಳಿದವರು ಸಾಲುಸಾಲಿಗೂ ‘ಯಾಕೆ?’ ಅಂತ ತಡೀಲಿ. ‘ಇದು ಗೊತ್ತಿರೋದೇ ಅಲ್ವಾ’ ಅಂದ ಕಡೆ ಇನ್ನೂ ಜೋರಾಗಿ ಕೇಳಿ, ತೂತು ಇರೋದು ಅಲ್ಲೇ.

ಮೂರನೇ ಅಧ್ಯಾಯದ ಡ್ಯುಯಾಲಿಟಿ ಹತ್ರ ಒಬ್ಬಿಬ್ಬರು ಕಳಚ್ಕೊಳ್ಳಬಹುದು. ಅಲ್ಲಿ ವಾರಕ್ಕೆ ಎರಡೇ ಪುಟ ಸಾಕು.