ಬೆರಕೆಯ ಲೆಕ್ಕ

2020ನೆಯ ಇಸವಿಯಲ್ಲಿ ಕೋವಿಡ್ ಸಾಂಕ್ರಾಮಿಕವು ಹಬ್ಬಿದಾಗ ಕೈ ಶುದ್ಧಿಗೊಳಿಸುವ ದ್ರವಕ್ಕೆ ಅನೇಕ ದೇಶಗಳಲ್ಲಿ ಅಭಾವವುಂಟಾಯಿತು. ಅದನ್ನು ಸ್ಥಳೀಯವಾಗಿಯೇ ತಯಾರಿಸುವ ಸೂತ್ರವೊಂದನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲೇ ಪ್ರಕಟಿಸಿತ್ತು. ಅದರಂತೆ 10 ಲೀಟರು ದ್ರವಕ್ಕೆ ಶೇಕಡಾ 96ರ ಎಥನಾಲ್, ಎಂದರೆ ಮದ್ಯಸಾರ, 8333 ಮಿಲಿಲೀಟರು ಬೇಕು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂದಿತು?

ಶಾಲೆಯ ಬೀಜಗಣಿತವೇ ಇದಕ್ಕೆ ಉತ್ತರ ಹೇಳುತ್ತದೆ. ನಮಗೆ ಬೇಕಾದುದು ಗಾತ್ರದಲ್ಲಿ ಶೇಕಡಾ 80ರಷ್ಟು ಮದ್ಯಸಾರವುಳ್ಳ ದ್ರವ. ತೆಗೆದುಕೊಳ್ಳಬೇಕಾದ ಮದ್ಯಸಾರವು ಕ್ಷ ಮಿಲಿಲೀಟರು ಎಂದಿಟ್ಟುಕೊಳ್ಳೋಣ. ನೀರನ್ನು ಎಷ್ಟೇ ಬೆರೆಸಿದರೂ ಪಾತ್ರೆಯಲ್ಲಿರುವ ಶುದ್ಧ ಮದ್ಯಸಾರವು ಹೆಚ್ಚುವುದೂ ಇಲ್ಲ, ಕಡಮೆಯಾಗುವುದೂ ಇಲ್ಲ. ಆದುದರಿಂದ,

0.96 × ಕ್ಷ = 0.80 × 10,000

ಕ್ಷ = 8000 ÷ 0.96 = ಸುಮಾರು 8333.

ಹಾಗಾದರೆ ಸೇರಿಸಬೇಕಾದ ನೀರೆಷ್ಟು? 10,000ದಿಂದ 8333ನ್ನು ಕಳೆದರೆ 1667. ಇದನ್ನೇ ಉತ್ತರವೆಂದು ಬರೆಯುವ ವಿದ್ಯಾರ್ಥಿಗಳು ಬಹುಮಂದಿ. ತಪ್ಪಿರುವುದು ಇಲ್ಲಿಯೇ. 50 ಮಿಲಿಲೀಟರು ಮದ್ಯಸಾರಕ್ಕೆ 50 ಮಿಲಿಲೀಟರು ನೀರನ್ನು ಬೆರೆಸಿ ಅಳೆದರೆ 100 ಬರುವುದಿಲ್ಲ. 96ರಿಂದ 97 ಮಾತ್ರ ಬರುತ್ತದೆ. ಎರಡರ ಅಣುಗಳೂ ಪರಸ್ಪರ ಆಕರ್ಷಿಸಿ ಹೆಚ್ಚು ಒತ್ತಾಗಿ ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಬೆರಕೆಯಲ್ಲಿ ತೂಕವು ಉಳಿಯುತ್ತದೆ, ಗಾತ್ರವು ಉಳಿಯಲೇಬೇಕೆಂಬ ನಿಯಮವಿಲ್ಲ.

ಆದಕಾರಣವೇ ಆ ಸೂತ್ರವು ನೀರಿನ ಅಳತೆಯನ್ನು ಹೇಳುವುದಿಲ್ಲ. ಮದ್ಯಸಾರಕ್ಕೆ ಹೈಡ್ರೊಜನ್ ಪೆರಾಕ್ಸೈಡನ್ನೂ ಗ್ಲಿಸರಾಲನ್ನೂ ಸ್ವಲ್ಪ ಸ್ವಲ್ಪ ಸೇರಿಸಿ, ಬಳಿಕ ‘10 ಲೀಟರಿನ ಗುರುತಿನವರೆಗೆ’ ನೀರು ತುಂಬಬೇಕೆಂದು ಹೇಳುತ್ತದೆ. ಪ್ರಯೋಗಶಾಲೆಯಲ್ಲಿ ದ್ರಾವಣವನ್ನು ಗುರುತಿರುವ ಕುಪ್ಪಿಯಲ್ಲಿ ತಯಾರಿಸುವುದರ ಮರ್ಮವೂ ಇದೇ.

ಲೆಕ್ಕ ತಪ್ಪಿದರೆ ನಷ್ಟವೇನು? ಮದ್ಯಸಾರವು ಶೇಕಡಾ 60ಕ್ಕಿಂತ ಕೆಳಗಿಳಿದರೆ ರೋಗಾಣುಗಳನ್ನು ಕೊಲ್ಲುವ ಶಕ್ತಿ ಕುಂದುತ್ತದೆ. ಹಾಗೆಂದು ನೀರಿಲ್ಲದ ಮದ್ಯಸಾರವು ಮೇಲೆಂದು ತಿಳಿಯಬಾರದು. ರೋಗಾಣುಗಳ ಪ್ರೋಟೀನುಗಳನ್ನು ಕೆಡಿಸಲು ನೀರಿನ ನೆರವೂ ಬೇಕು. ದುರ್ಬಲವಾದ ದ್ರವವು ಕೈಯನ್ನು ಒದ್ದೆ ಮಾಡೀತು, ರಕ್ಷಣೆಯನ್ನು ಕೊಡಲಾರದು. ನೋಟಕ್ಕೆ ಮಾತ್ರ ಎರಡೂ ಒಂದೇ.

ಬೆರಕೆಯ ಲೆಕ್ಕ ಎದುರಾದಾಗ ನಾವು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬೆರೆಸಿದ ಮೇಲೂ ಬದಲಾಗದೆ ಉಳಿಯುವುದು ಯಾವುದು? ಸಮೀಕರಣವನ್ನು ಅದರ ಮೇಲೆಯೇ ಕಟ್ಟಬೇಕು. ಇನ್ನೊಂದು ಮಾತು: ಮದ್ಯಸಾರವು ಬಹುಬೇಗ ಹೊತ್ತಿಕೊಳ್ಳುವ ವಸ್ತು. ವಾಚಕರು ಈ ಲೆಕ್ಕವನ್ನು ಮನೆಯಲ್ಲಿ ಮಾಡಲಿ, ಬೆರಕೆಯನ್ನಲ್ಲ.