ಹೊಸ ಕಾರಿನ ಮೈಲೇಜ್: ಕಾಗದದ ಅಂಕಿ ಮತ್ತು ಕರಾವಳಿಯ ರಸ್ತೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಪರಿಸರದ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಕಾರು ಇಂದು ವ್ಯವಹಾರದ ಸಾಧನವೇ ಆಗಿದೆ. ಗೇರುಬೀಜ ಕಾರ್ಖಾನೆಯಿಂದ ಬ್ಯಾಂಕಿಗೆ, ಅಂಗಡಿಯಿಂದ ಗಂಗೊಳ್ಳಿ ಬಂದರಿಗೆ, ಅಲ್ಲಿಂದ ಮಂಗಳೂರಿಗೆ ಓಡುವ ವಾಹನದ ಇಂಧನ ವೆಚ್ಚ ಪ್ರತಿ ತಿಂಗಳೂ ಲೆಕ್ಕದ ಪುಸ್ತಕಕ್ಕೆ ಬರುತ್ತದೆ. ಹೊಸ ಕಾರು ಕೊಂಡವರಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ: ಮಳಿಗೆಯಲ್ಲಿ ಹೇಳಿದ ಮೈಲೇಜ್ ರಸ್ತೆಯಲ್ಲಿ ಸಿಗುತ್ತಿಲ್ಲ.

ಈ ವ್ಯತ್ಯಾಸವನ್ನು ಕಡೆಗಣಿಸುವಂತಿಲ್ಲ. ತಿಂಗಳಿಗೆ 1,500 ಕಿ.ಮೀ. ಓಡುವ ಕಾರು ಲೀಟರಿಗೆ 20 ಕಿ.ಮೀ. ಬದಲು 16 ಕಿ.ಮೀ. ಕೊಟ್ಟರೆ ವರ್ಷಕ್ಕೆ 225 ಲೀಟರ್ ಹೆಚ್ಚು ಖರ್ಚಾಗುತ್ತದೆ. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ಅದು 22,500 ರೂಪಾಯಿ.

ಅಂಕಿ ಹುಟ್ಟುವ ಬಗೆ

ಕಂಪನಿಗಳು ಪ್ರಕಟಿಸುವ ಅಂಕಿಯು ಪುಣೆಯ ಎ.ಆರ್.ಎ.ಐ.ಯಂತಹ ಅಧಿಕೃತ ಸಂಸ್ಥೆಗಳ ಪ್ರಯೋಗಾಲಯದಲ್ಲಿ ಸಿದ್ಧವಾಗುತ್ತದೆ. ಅಲ್ಲಿ ಕಾರು ನಿಂತಲ್ಲೇ ಉರುಳೆಗಳ ಮೇಲೆ ಓಡುತ್ತದೆ. ಈ ಅಂಕಿಗಳಿಗೆ ಆಧಾರವಾಗಿ ಬಂದಿರುವ ಭಾರತೀಯ ಚಾಲನಾ ಚಕ್ರದಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಅಲ್ಲಿ ಮಳೆಯಿಲ್ಲ, ಏರಿಲ್ಲ, ಮುಂದೆ ಲಾರಿಯಿಲ್ಲ. ಆದುದರಿಂದ ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಲು ಆ ಅಂಕಿ ಯೋಗ್ಯ ಅಳತೆಗೋಲು; ತಿಂಗಳ ಖರ್ಚಿನ ಅಂದಾಜಿಗೆ ಅದನ್ನೇ ನಂಬುವುದು ಸರಿಯಲ್ಲ.

ಹೊಸತನ ಮತ್ತು ಇಂಧನ

ಹೊಸ ಎಂಜಿನಿನ ಭಾಗಗಳು ಪರಸ್ಪರ ಹೊಂದಿಕೊಳ್ಳಲು ಕಾಲ ಬೇಕು. ಸಾಮಾನ್ಯವಾಗಿ 5,000ದಿಂದ 8,000 ಕಿ.ಮೀ. ಓಡಿದ ಬಳಿಕವೇ ನೈಜ ಮೈಲೇಜ್ ಕಾಣಿಸುತ್ತದೆ. ಅಲ್ಲಿಯವರೆಗೆ ಕೈಪಿಡಿಯ ಸೂಚನೆಯಂತೆ ಹದವಾಗಿ ಓಡಿಸುವುದು ಲೇಸು.

ಪೆಟ್ರೋಲೂ ಬದಲಾಗಿದೆ. ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ತಲುಪಿತು. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ತಜ್ಞರ ವರದಿಯ ಅಂದಾಜಿನಂತೆ, ಈ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ. 1ರಿಂದ 2ರಷ್ಟು, ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ. 6ರಿಂದ 7ರಷ್ಟು ಇಳಿಯುತ್ತದೆ. ಹೊಸ ಕಾರಿನಲ್ಲಿ ಇದಕ್ಕಿಂತ ಬಹಳ ಹೆಚ್ಚಿನ ಕೊರತೆ ಕಂಡರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಹೆದ್ದಾರಿ, ಪೇಟೆ, ಘಾಟಿ

ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದ ಮೇಲೆ ವೇಗದ ಆಸೆ ಹೆಚ್ಚಿದೆ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 80ರಿಂದ 100 ಕಿ.ಮೀ.ಗೆ ಹೋದರೆ ಅದು ಅರ್ಧಕ್ಕಿಂತ ಹೆಚ್ಚು ಏರುತ್ತದೆ. ಇದರಿಂದ 30 ಕಿ.ಮೀ. ಪ್ರಯಾಣದಲ್ಲಿ ಉಳಿಯುವುದು ನಾಲ್ಕೂವರೆ ನಿಮಿಷ ಮಾತ್ರ.

ಕುಂದಾಪುರ ಪೇಟೆಯಿಂದ ಕೋಟೇಶ್ವರದವರೆಗಿನಂತಹ ಕಿರು ಓಡಾಟದಲ್ಲಿ ಎಂಜಿನ್ ಪೂರ್ಣ ಬಿಸಿಯೇರುವ ಮೊದಲೇ ಪ್ರಯಾಣ ಮುಗಿಯುತ್ತದೆ. ತಣ್ಣಗಿನ ಎಂಜಿನ್ ಹೆಚ್ಚು ಇಂಧನ ಬೇಡುತ್ತದೆ. ನಾಲ್ಕು ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುವುದು ಇದಕ್ಕೆ ಪರಿಹಾರ. ಸೆಕೆಗಾಲದಲ್ಲಿ ಎ.ಸಿ. ಹಾಕಿ ನಿಲ್ಲಿಸಿಟ್ಟ ಕಾರು ಒಂದು ಮೀಟರೂ ಚಲಿಸದೆ ಇಂಧನ ಸುಡುತ್ತದೆ.

ಬಾಳೆಬರೆ, ಕೊಲ್ಲೂರು ಬಳಿಯ ನಾಗೋಡಿ, ಹೆಬ್ರಿ ಮಾರ್ಗದ ಆಗುಂಬೆ ಘಾಟಿಗಳ ಲೆಕ್ಕವೇ ಬೇರೆ. 1,200 ಕಿಲೋ ತೂಕದ ಕಾರು 600 ಮೀಟರ್ ಎತ್ತರಕ್ಕೇರಲು ಸಮತಟ್ಟು ರಸ್ತೆಗಿಂತ ಸುಮಾರು ಮುಕ್ಕಾಲು ಲೀಟರ್ ಪೆಟ್ರೋಲ್ ಹೆಚ್ಚು ಬೇಕು. ಅದನ್ನು ಉಳಿಸಿಕೊಳ್ಳಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ರೂಢಿ ಅಪಾಯಕಾರಿ ಮಾತ್ರವಲ್ಲ, ನಿಷ್ಪ್ರಯೋಜಕವೂ ಹೌದು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂದಿನ ಎಂಜಿನ್ ಇಂಧನವನ್ನೇ ತಡೆಹಿಡಿಯುತ್ತದೆ. ನ್ಯೂಟ್ರಲಿನಲ್ಲಿ ಎಂಜಿನ್ ಇಂಧನ ಸುಡುತ್ತಲೇ ಇರುತ್ತದೆ, ಬ್ರೇಕಿನ ಮೇಲೆ ಇಡೀ ಭಾರ ಬೀಳುತ್ತದೆ.

ಮಾಲಿಕನ ಕೈಯಲ್ಲಿರುವುದು

ಟಯರಿನ ಗಾಳಿಯನ್ನು ಕನಿಷ್ಠ ತಿಂಗಳಿಗೊಮ್ಮೆ, ಟಯರ್ ತಣ್ಣಗಿರುವಾಗ, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ನಮೂದಿಸಿದ ಪ್ರಮಾಣಕ್ಕೆ ಸರಿಪಡಿಸಬೇಕು. ಮಾದರಿ ಸರಕಿನ ಪೆಟ್ಟಿಗೆಗಳನ್ನು ಡಿಕ್ಕಿಯಲ್ಲಿ ವಾರಗಟ್ಟಲೆ ಹೊತ್ತು ತಿರುಗಬಾರದು. 50 ಕಿಲೋ ಹೊರೆಗೆ ಮೈಲೇಜ್ ಸುಮಾರು ಶೇ. 1ರಷ್ಟು ಇಳಿಯಬಹುದು. ಉಪ್ಪುಗಾಳಿಗೆ ತುಕ್ಕು ಹಿಡಿದ ಬ್ರೇಕ್ ಚಕ್ರವನ್ನು ಹಿಡಿದುಕೊಂಡರೆ ನಷ್ಟ ಕಣ್ಣಿಗೆ ಕಾಣದು. ಮಳೆಗಾಲದ ಬಳಿಕ ಅದನ್ನು ಪರೀಕ್ಷಿಸಿಸುವುದು ಅಗತ್ಯ.

ಎಲ್ಲಕ್ಕಿಂತ ಮುಖ್ಯವಾದುದು ಸ್ವಂತ ಲೆಕ್ಕ. ಒಂದೇ ಪಂಪಿನಲ್ಲಿ ಟ್ಯಾಂಕ್ ತುಂಬಿಸಿ ಮೀಟರ್ ಬರೆದಿಡಬೇಕು. ಮತ್ತೆ ತುಂಬಿಸಿದಾಗ ಓಡಿದ ಕಿ.ಮೀ.ಯನ್ನು ಹಾಕಿದ ಲೀಟರಿನಿಂದ ಭಾಗಿಸಬೇಕು. ಹೀಗೆ ಮೂರು ನಾಲ್ಕು ಬಾರಿ ಮಾಡಿದ ಸರಾಸರಿಯೇ ಆ ಕಾರಿನ ನಿಜವಾದ ಅಂಕಿ. ಅದೇ ದಾರಿ, ಅದೇ ಹೊರೆ ಇದ್ದೂ ಅದು ಹಠಾತ್ತನೆ ಕುಸಿದರೆ ಆ ಬರಹವನ್ನು ಮುಂದಿಟ್ಟುಕೊಂಡು ಸರ್ವೀಸ್ ಕೇಂದ್ರದಲ್ಲಿ ವಿಚಾರಿಸಬಹುದು. ಸರಕಿನ ದಾಸ್ತಾನು ಬರೆದಿಡುವ ವರ್ತಕನಿಗೆ ಈ ಲೆಕ್ಕ ಹೊಸದೂ ಅಲ್ಲ, ಕಷ್ಟವೂ ಅಲ್ಲ.